ಎಂಬರ್ ಡೇಟಾನ ಸ್ವಂತ ವೆಬ್ ಎಪಿಐಗೆ ಕೂಡಿಸೋದು ಹೇಗೆ? ಉತ್ತರ ಬರುತ್ತೆ, ಸ್ಟೋರ್ ಮಾತ್ರ ಖಾಲಿ

ಪುಟತಿರುವು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಎಂಬರ್ ಡೇಟಾ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಸ್ವಲ್ಪ ನೋಡಿ, ಮೂರು ದಿನದಿಂದ ಒಂದೇ ಕಡೆ ಸಿಕ್ಕಾಕೊಂಡಿದೀನಿ.

ಗ್ರಂಥಾಲಯದ ಪುಸ್ತಕಗಳನ್ನ ನೋಡ್ಕೊಳ್ಳೋ ಒಂದು ಆ್ಯಪ್ ಮಾಡ್ತಿದೀನಿ. ಫ್ರಂಟೆಂಡ್ ನಂದು, ಎಂಬರ್ (ವೆಬ್ ಆ್ಯಪ್ ಕಟ್ಟೋ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್) ಮತ್ತೆ ಎಂಬರ್ ಡೇಟಾ (ಸರ್ವರ್‌ನಿಂದ ಬಂದ ಡೇಟಾನ ಬ್ರೌಸರ್‌ನಲ್ಲಿ 'ಸ್ಟೋರ್' ಅನ್ನೋ ಸಂಗ್ರಹದಲ್ಲಿ ಇಟ್ಕೊಳ್ಳೋ ಅದರ ಲೈಬ್ರರಿ) ಎರಡೂ 4.8. ವೆಬ್ ಎಪಿಐ (ಆ್ಯಪ್ ಸರ್ವರ್‌ನ ಡೇಟಾ ಕೇಳೋ ದಾರಿ) ಬೇರೆ ಟೀಮ್‌ನವರು ಮೊದಲೇ ಬರೆದಿಟ್ಟಿರೋದು, ಮೊಬೈಲ್ ಆ್ಯಪ್ ಕೂಡ ಅದನ್ನೇ ನಂಬ್ಕೊಂಡಿರೋದ್ರಿಂದ ಉತ್ತರದ ಆಕಾರ ಬದಲಾಯಿಸಿ ಅಂತ ಕೇಳೋ ಹಾಗಿಲ್ಲ, ಚಿಕ್ಕಪುಟ್ಟದ್ದೇನಾದ್ರೂ ಸೇರಿಸ್ಕೊಡ್ತಾರೆ ಅಷ್ಟೆ.

ಪಟ್ಟಿ ಕೇಳಿದ್ರೆ ಬರೋ ಜೇಸನ್ (ಕೀ ಮತ್ತೆ ಬೆಲೆ ಜೋಡಿಗಳಾಗಿ ಬರೆದ ಡೇಟಾ) ಹೀಗಿದೆ. ಮೇಲ್ಗಡೆ 'ಸ್ಟೇಟಸ್' ಅಂತ ಒಂದು ಕೀ, ಅದರಲ್ಲಿ 'ಓಕೆ' ಇಲ್ಲಾ 'ಎರರ್'. ಅದರ ಪಕ್ಕ 'ರಿಸಲ್ಟ್', ಅದರೊಳಗೆ 'ಐಟಮ್ಸ್' ಅನ್ನೋ ಅರೇ, ಜೊತೆಗೆ ಒಟ್ಟು ಎಷ್ಟು ಅಂತ ಹೇಳೋ 'ಟೋಟಲ್'. ಒಂದೊಂದು ಐಟಮ್ ಒಳಗೆ 'ಬುಕ್‌ಐಡಿ', 'ಟೈಟಲ್', 'ಡಿಸ್ಕ್ರಿಪ್ಷನ್', 'ಆಥರ್‌ಐಡಿ', 'ಆ್ಯಡೆಡ್‌ಆನ್', ಎಲ್ಲವೂ ಕ್ಯಾಪಿಟಲ್ ಅಕ್ಷರದಿಂದ ಶುರು. ಒಂದೇ ಪುಸ್ತಕ ಕೇಳಿದ್ರೆ 'ರಿಸಲ್ಟ್' ಒಳಗೆ ನೇರವಾಗಿ ಆ ಪುಸ್ತಕ. ಇನ್ನೊಂದು ವಿಷಯ, ತಪ್ಪಾದ್ರೂ ಎಚ್‌ಟಿಟಿಪಿ ಕೋಡ್ 200 ಅಂತಾನೇ ಬರುತ್ತೆ, ಒಳಗಿನ 'ಸ್ಟೇಟಸ್' ನೋಡಿದ್ರೆ ಮಾತ್ರ ಎರರ್ ಅಂತ ಗೊತ್ತಾಗೋದು.

ಕಮ್ಯಾಂಡ್ ಕೊಟ್ಟು ಜನರೇಟ್ ಮಾಡಿದ ಅಡಾಪ್ಟರ್, ಸೀರಿಯಲೈಸರ್ ಹಾಗೇ ಇಟ್ಕೊಂಡು ಫೈಂಡ್‌ಆಲ್ (ಎಲ್ಲಾ ರೆಕಾರ್ಡ್ ತರೋ ಮೆಥಡ್) ಕರೆದ್ರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಡೇಟಾ ಕಣ್ಣಿಗೆ ಕಾಣುತ್ತೆ, ಆದ್ರೆ ಕನ್ಸೋಲ್‌ನಲ್ಲಿ 'ನಾರ್ಮಲೈಸ್‌ರೆಸ್ಪಾನ್ಸ್ ಮಸ್ಟ್ ರಿಟರ್ನ್ ಎ ವ್ಯಾಲಿಡ್ ಜೇಸನ್ ಎಪಿಐ ಡಾಕ್ಯುಮೆಂಟ್' ಅಂತ ಬಂದು ನಿಂತೋಗುತ್ತೆ. ಬೇಸತ್ತು ಈಗ ರೂಟ್‌ನಲ್ಲೇ (ಪೇಜ್‌ಗೆ ಬೇಕಾದ ಡೇಟಾ ತರೋ ಫೈಲ್) ಫೆಚ್ ಮಾಡಿ, ಕೈಯಲ್ಲೇ ಕೀಗಳನ್ನ ಬದಲಾಯಿಸಿ ಸ್ಟೋರ್‌ಗೆ ಪುಶ್ ಮಾಡ್ತಿದೀನಿ. ಪಟ್ಟಿ ತೋರ್ಸೋಕೆ ಸಾಕು, ಆದ್ರೆ ಸೇವ್ ಮಾಡೋಕೆ ಹೋದ್ರೆ ಮತ್ತೆ ಎಲ್ಲಾ ಉಲ್ಟಾ.

ಇದರ ಮೇಲೆ ಲಾಗಿನ್ ಟೋಕನ್ ಸೇರ್ಸಿದ ತಕ್ಷಣ ಬ್ರೌಸರ್ ಕಾರ್ಸ್ (ಬೇರೆ ವಿಳಾಸದ ಸರ್ವರ್ ಅನುಮತಿ ಕೊಟ್ಟಿದೆಯಾ ಅಂತ ಬ್ರೌಸರ್ ನೋಡೋ ನಿಯಮ) ಎರರ್ ಅಂತಿದೆ, ಎಪಿಐ ಪರೀಕ್ಷೆ ಮಾಡೋ ಪೋಸ್ಟ್‌ಮ್ಯಾನ್‌ನಲ್ಲಿ ಅದೇ ಟೋಕನ್, ಅದೇ ಯುಆರ್‌ಎಲ್, ಆರಾಮಾಗಿ ನಡೆಯುತ್ತೆ. ಸರಿಯಾದ ದಾರಿ ಯಾವುದು ಅಂತ ಹೇಳ್ತೀರಾ?


ಹಳೇಕೀಬೋರ್ಡ್

ಮೊದಲು ರೂಟ್‌ನಲ್ಲಿರೋ ಆ ಫೆಚ್ ತೆಗೀರಿ. ನೀವು ಮಾಡ್ತಿರೋ ಕೆಲಸ ತಪ್ಪಲ್ಲ, ಮಾಡ್ತಿರೋ ಜಾಗ ತಪ್ಪು. ಸರ್ವರ್ ಭಾಷೆಯಿಂದ ಸ್ಟೋರ್ ಭಾಷೆಗೆ ತಿರುಗಿಸೋಕೆ ಅಂತಾನೇ ಎಂಬರ್ ಡೇಟಾದಲ್ಲಿ ಎರಡು ಫೈಲ್ ಇವೆ. ಎಲ್ಲಿಗೆ ಹೋಗಿ ಹೇಗೆ ಕೇಳ್ಬೇಕು ಅನ್ನೋದು ಅಡಾಪ್ಟರ್ ಕೆಲಸ, ಬಂದಿದ್ದನ್ನ ಬಿಡಿಸಿ ಹೋಗೋದನ್ನ ಕಟ್ಟೋದು ಸೀರಿಯಲೈಸರ್ ಕೆಲಸ. ರೂಟು, ಕಾಂಪೊನೆಂಟು, ಕಂಟ್ರೋಲರು ಇವುಗಳಿಗೆ 'ಬುಕ್‌ಐಡಿ' ಅನ್ನೋ ಹೆಸರು ಗೊತ್ತೇ ಇರಬಾರದು, ಇಡೀ ಪ್ರಾಜೆಕ್ಟ್‌ನಲ್ಲಿ ಆ ಪದ ಹುಡುಕಿದ್ರೆ ಒಂದೇ ಫೈಲ್ ಸಿಗಬೇಕು.

ನಿಮಗೆ ಎರರ್ ಯಾಕೆ ಬರ್ತಿದೆ ಅಂದ್ರೆ, ಜನರೇಟ್ ಮಾಡಿದಾಗ ಬರೋದು ಜೇಸನ್‌ಎಪಿಐ ಅಡಾಪ್ಟರ್ ಮತ್ತೆ ಜೇಸನ್‌ಎಪಿಐ ಸೀರಿಯಲೈಸರ್. ಹೆಸರು ನೋಡಿ ಸುಮ್ನೆ 'ಜೇಸನ್ ಕೊಡೋ ಎಪಿಐ' ಅಂತ ತಿಳ್ಕೋಬೇಡಿ, ಅದು 2015ರಲ್ಲಿ 1.0 ಆಗಿ ಬಂದ ಒಂದು ಸ್ಪೆಸಿಫಿಕೇಷನ್. ಅದರ ಪ್ರಕಾರ ಮೇಲ್ಗಡೆ 'ಡೇಟಾ' ಇರಬೇಕು, ಅದರೊಳಗೆ 'ಟೈಪ್', 'ಐಡಿ', 'ಆಟ್ರಿಬ್ಯೂಟ್ಸ್' ಇರಬೇಕು. ನಿಮ್ಮ ಉತ್ತರದಲ್ಲಿ 'ಡೇಟಾ', 'ಎರರ್ಸ್', 'ಮೆಟಾ' ಮೂರರಲ್ಲಿ ಒಂದೂ ಇಲ್ಲ, ಅದಕ್ಕೇ ಆ ಎರರ್.

ನಿಮ್ಮಂಥ ಎಪಿಐಗೆ ಹೊಂದೋ ಜೋಡಿ ರೆಸ್ಟ್‌ಅಡಾಪ್ಟರ್ ಮತ್ತೆ ಜೇಸನ್‌ಸೀರಿಯಲೈಸರ್. ತುಂಬಾ ಜನ ಅಡಾಪ್ಟರ್ ರೆಸ್ಟ್ ಆದ್ರೆ ಸೀರಿಯಲೈಸರ್ ಕೂಡ ರೆಸ್ಟ್ ಆಗಬೇಕು ಅಂದ್ಕೋತಾರೆ, ಹಾಗೇನಿಲ್ಲ. ರೆಸ್ಟ್‌ಸೀರಿಯಲೈಸರ್ ಉತ್ತರದಲ್ಲಿ 'ಬುಕ್ಸ್' ಅಂತ ಮಾಡೆಲ್ ಹೆಸರಿನ ಹೊದಿಕೆ ಹುಡುಕುತ್ತೆ, ಕಳಿಸುವಾಗಲೂ 'ಬುಕ್' ಅಂತ ಸುತ್ತಿ ಕಳಿಸುತ್ತೆ. ಜೇಸನ್‌ಸೀರಿಯಲೈಸರ್‌ಗೆ ಹೊದಿಕೆ ಬೇಡ, ಪಟ್ಟಿ ಆದ್ರೆ ಬರೀ ಅರೇ, ಒಂದೇ ಆದ್ರೆ ಬರೀ ಆಬ್ಜೆಕ್ಟ್ ಸಾಕು.

ಈಗ ಅಪ್ಲಿಕೇಷನ್ ಸೀರಿಯಲೈಸರ್‌ನಲ್ಲಿ ನಾರ್ಮಲೈಸ್‌ರೆಸ್ಪಾನ್ಸ್ ಅನ್ನ ಓವರ್‌ರೈಡ್ ಮಾಡಿ. ಒಳಗೆ ಬರೋ ಪೇಲೋಡ್‌ನಿಂದ (ಸರ್ವರ್ ಕಳಿಸಿದ ಜೇಸನ್) 'ರಿಸಲ್ಟ್' ಎತ್ಕೊಳ್ಳಿ, ಅದರಲ್ಲಿ 'ಐಟಮ್ಸ್' ಇದ್ರೆ ಆ ಅರೇ, ಇಲ್ಲದಿದ್ರೆ 'ರಿಸಲ್ಟ್' ಅನ್ನೇ ಸೂಪರ್‌ಗೆ (ಎಂಬರ್ ಡೇಟಾದ ಮೂಲ ಮೆಥಡ್‌ಗೆ) ಕೊಡಿ. ಸೂಪರ್ ವಾಪಸ್ ಕೊಟ್ಟ ಡಾಕ್ಯುಮೆಂಟ್‌ಗೆ 'ಮೆಟಾ' ಸೇರಿಸಿ ಅದರಲ್ಲಿ 'ಟೋಟಲ್' ಇಟ್ಬಿಡಿ, ಕ್ವೆರಿ ಮಾಡಿದಾಗ ಪೇಜಿನೇಷನ್‌ಗೆ ಅದು ಸಿಗುತ್ತೆ. ಆಮೇಲೆ ಕೀಫಾರ್‌ಆಟ್ರಿಬ್ಯೂಟ್‌ನಲ್ಲಿ ಮೊದಲ ಅಕ್ಷರ ಕ್ಯಾಪಿಟಲ್ ಮಾಡಿ ಕೊಡಿ, ಕೀಫಾರ್‌ರಿಲೇಷನ್‌ಶಿಪ್‌ನಲ್ಲಿ ಅದೇ ಮಾಡಿ ಕೊನೆಗೆ 'ಐಡಿ' ಅಂಟಿಸಿ, ಹಾಗಾದ್ರೆ ಮಾಡೆಲ್‌ನ 'ಆಥರ್' ಹೋಗಿ 'ಆಥರ್‌ಐಡಿ'ಗೆ ಕೂಡ್ಕೊಳ್ಳುತ್ತೆ. ಪುಸ್ತಕದ ಸೀರಿಯಲೈಸರ್‌ನಲ್ಲಿ ಪ್ರೈಮರಿಕೀ 'ಬುಕ್‌ಐಡಿ' ಅಂತ ಒಂದು ಸಾಲು. ಕೀಫಾರ್‌ಆಟ್ರಿಬ್ಯೂಟ್‌ನ ಚಂದ ಏನಂದ್ರೆ ಓದೋಕೂ ಅದೇ, ಕಳ್ಸೋಕೂ ಅದೇ, ಹಾಗಾಗಿ ಸೇವ್ ಉಲ್ಟಾ ಆಗೋ ನಿಮ್ಮ ತೊಂದರೆ ಮುಕ್ಕಾಲು ಪಾಲು ಅಲ್ಲೇ ಹೋಗುತ್ತೆ.

200 ಜೊತೆ ಬರೋ ಎರರ್‌ಗೆ ಮದ್ದು ಅಡಾಪ್ಟರ್‌ನಲ್ಲಿದೆ. ಹ್ಯಾಂಡಲ್‌ರೆಸ್ಪಾನ್ಸ್ ಓವರ್‌ರೈಡ್ ಮಾಡಿ, ಪೇಲೋಡ್‌ನ 'ಸ್ಟೇಟಸ್' ಎರರ್ ಆಗಿದ್ರೆ ಒಂದು ಅಡಾಪ್ಟರ್‌ಎರರ್ ರಿಟರ್ನ್ ಮಾಡಿ, ಪ್ರಾಮಿಸ್ ತಾನಾಗೇ ರಿಜೆಕ್ಟ್ ಆಗುತ್ತೆ, ಅಂದ್ರೆ ಕರೆ ಫೇಲ್ ಆಯ್ತು ಅಂತ ಆ್ಯಪ್‌ಗೆ ಗೊತ್ತಾಗುತ್ತೆ. ಫಾರ್ಮ್‌ನಲ್ಲಿ ತುಂಬಿದ್ದು ತಪ್ಪು ಅನ್ನೋ ಥರದ ಎರರ್ ಆದ್ರೆ ಇನ್‌ವ್ಯಾಲಿಡ್‌ಎರರ್ ಕೊಡಿ. ಸಾಮಾನ್ಯವಾಗಿ 422 (ಕಳಿಸಿದ ಡೇಟಾ ಸರಿಯಿಲ್ಲ ಅನ್ನೋ ಕೋಡ್) ಬಂದಾಗ ಎಂಬರ್ ಡೇಟಾನೇ ಇದನ್ನ ಮಾಡುತ್ತೆ, ನಿಮ್ಮ ಸರ್ವರ್ 422 ಕೊಡಲ್ಲವಾದ್ರಿಂದ ನೀವೇ ಮಾಡಬೇಕು. ಒಳಗೆ ಎರರ್ ಅರೇ ಕೊಡುವಾಗ 'ಸೋರ್ಸ್' ಅದರೊಳಗೆ 'ಪಾಯಿಂಟರ್', ಅದರಲ್ಲಿ 'ಡೇಟಾ ಸ್ಲ್ಯಾಶ್ ಆಟ್ರಿಬ್ಯೂಟ್ಸ್ ಸ್ಲ್ಯಾಶ್ ಫೀಲ್ಡ್ ಹೆಸರು' ಅಂತ ಇಟ್ರೆ ಮಾಡೆಲ್‌ನ ಎರರ್ಸ್‌ನಲ್ಲಿ ಆ ಫೀಲ್ಡ್ ಕೆಳಗೇ ಹೋಗಿ ಕೂರುತ್ತೆ, ಟೆಂಪ್ಲೇಟ್‌ನಲ್ಲಿ ಆ ಬಾಕ್ಸ್ ಅಡಿಯಲ್ಲೇ ತೋರಿಸಬಹುದು. ಈ ಒಂದು ಕೆಲಸ ಬಿಟ್ರೆ ಸೇವ್ ಆಗದೇ ಇದ್ದದ್ದನ್ನ ಆಗಿದೆ ಅಂತ ಬಳಕೆದಾರರಿಗೆ ತೋರಿಸಿದ ಹಾಗಾಗುತ್ತೆ, ಅದಕ್ಕೇ ಇದನ್ನ ಮೊದಲು ಮಾಡಿ.


ಸಾಲುದೀಪ

ಕಾರ್ಸ್ ಬಗ್ಗೆ ನಾನು ಹೇಳ್ತೀನಿ, ಮೇಲಿನವರು ಉಳಿದಿದ್ದೆಲ್ಲಾ ಹೇಳಿದಾರೆ.

ಪೋಸ್ಟ್‌ಮ್ಯಾನ್ ಬ್ರೌಸರ್ ಅಲ್ಲ, ಅದಕ್ಕೆ ಕಾರ್ಸ್ ಅನ್ನೋ ನಿಯಮವೇ ಅನ್ವಯ ಆಗಲ್ಲ. ಅಲ್ಲಿ ನಡೆದಿದ್ದನ್ನ ಇಲ್ಲಿಗೆ ಸಾಕ್ಷಿ ಮಾಡ್ಬೇಡಿ. ಟೋಕನ್ ಸೇರ್ಸಿದ ತಕ್ಷಣ ಕೆಟ್ಟಿದೆ ಅಂದ್ರೆ ಕಾರಣ ಹೆಚ್ಚುಕಮ್ಮಿ ಇದೇ: ಬೇರೆ ಒರಿಜಿನ್‌ಗೆ (ಬೇರೆ ಸರ್ವರ್ ವಿಳಾಸಕ್ಕೆ) ಟೋಕನ್ ಹೊರೋ ಆಥರೈಸೇಷನ್ ಹೆಡರ್ ಹಾಕಿ ಕಳಿಸಿದ್ರೆ ಬ್ರೌಸರ್ ಮೊದಲು ಒಂದು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತೆ, ಅದನ್ನೇ ಪ್ರೀಫ್ಲೈಟ್ ಅನ್ನೋದು. ಆ ಆಪ್ಷನ್ಸ್ ರಿಕ್ವೆಸ್ಟ್‌ನಲ್ಲಿ ಟೋಕನ್ ಇರಲ್ಲ. ಸರ್ವರ್‌ನಲ್ಲಿ 'ಟೋಕನ್ ಇಲ್ಲದ ಎಲ್ಲದಕ್ಕೂ 401' (ಲಾಗಿನ್ ಬೇಕು ಅನ್ನೋ ಕೋಡ್) ಅಂತ ಬರೆದಿದ್ರೆ ಆಪ್ಷನ್ಸ್‌ಗೂ 401 ಹೋಗುತ್ತೆ, ಬ್ರೌಸರ್ ಅಲ್ಲೇ ಬಾಗಿಲು ಹಾಕುತ್ತೆ, ನಿಮ್ಮ ಅಸಲಿ ರಿಕ್ವೆಸ್ಟ್ ಹೊರಡೋದೇ ಇಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆಪ್ಷನ್ಸ್ ಸಾಲು ಹುಡುಕಿ ಅದರ ಕೋಡ್ ನೋಡಿ. ಸರಿ ಮಾಡೋದು ಸರ್ವರ್‌ನವರೇ, ಕಾರ್ಸ್ ನೋಡೋ ಮಿಡಲ್‌ವೇರ್ (ರಿಕ್ವೆಸ್ಟ್ ಒಂದೊಂದಾಗಿ ದಾಟಿ ಬರೋ ಕೋಡ್ ತುಂಡು) ಲಾಗಿನ್ ನೋಡೋದಕ್ಕಿಂತ ಮುಂಚೆ ಬರಬೇಕು, ಜೊತೆಗೆ ಅನುಮತಿ ಇರೋ ಹೆಡರ್‌ಗಳಲ್ಲಿ ಆಥರೈಸೇಷನ್ ಹೆಸರಿರಬೇಕು. ಉತ್ತರದ ಆಕಾರ ಇದರಿಂದ ಬದಲಾಗಲ್ಲ, ಮೊಬೈಲ್ ಆ್ಯಪ್‌ಗೆ ಏನೂ ಆಗಲ್ಲ, ಹಾಗಾಗಿ ಧೈರ್ಯವಾಗಿ ಕೇಳಿ.

ಸರ್ವರ್ ಒಳಗೆ 500 ಆಗಿ ಆ ಉತ್ತರಕ್ಕೆ ಕಾರ್ಸ್ ಹೆಡರ್ ಸೇರದೇ ಹೋದ್ರೂ ಬ್ರೌಸರ್ ಕನ್ಸೋಲ್‌ನಲ್ಲಿ ಕಾರ್ಸ್ ಎರರ್ ಅಂತಾನೇ ತೋರಿಸುತ್ತೆ. ಹಾಗಾಗಿ ಕಾರ್ಸ್ ಅಂತ ಕಂಡಾಗೆಲ್ಲ ಸರ್ವರ್ ಲಾಗ್ ಕೂಡ ಒಂದ್ಸಲ ನೋಡಿಸಿ.

ಅವರು ಸರಿ ಮಾಡೋವರೆಗೆ ಕೆಲಸ ನಿಲ್ಲಬಾರದು ಅಂದ್ರೆ ಎಂಬರ್ ಸರ್ವ್‌ಗೆ ಪ್ರಾಕ್ಸಿ ಆಪ್ಷನ್ ಕೊಟ್ಟು ಸರ್ವರ್ ವಿಳಾಸ ಹಾಕಿ, ಅಡಾಪ್ಟರ್‌ನಲ್ಲಿ ಹೋಸ್ಟ್ ಖಾಲಿ ಬಿಡಿ. ಆಗ ಬ್ರೌಸರ್ ಕಣ್ಣಿಗೆ ಎಲ್ಲಾ ಒಂದೇ ಒರಿಜಿನ್. ಇದು ಡೆವಲಪ್‌ಮೆಂಟ್‌ಗೆ ಮಾತ್ರ ನೆನಪಿರಲಿ.

ಟೋಕನ್ ಹಾಕೋದು ಅಡಾಪ್ಟರ್‌ನ ಹೆಡರ್ಸ್ ಗೆಟರ್‌ನಲ್ಲೇ ಇರಲಿ, ಪ್ರತಿ ಸಲ ಸೆಷನ್ ಸರ್ವಿಸ್‌ನಿಂದ ಓದ್ಕೊಳ್ಳಿ. ಕ್ಲಾಸ್ ಪ್ರಾಪರ್ಟಿಯಾಗಿ ಒಂದ್ಸಲ ಇಟ್ರೆ ಲಾಗಿನ್‌ಗೂ ಮುಂಚಿನ ಖಾಲಿ ಟೋಕನ್ ಅಲ್ಲೇ ಉಳ್ಕೊಳ್ಳುತ್ತೆ.


ಗೆರೆಬರೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಪಿಐ ಇಷ್ಟು ಬೇರೆ ಥರ ಇದ್ದಾಗ ಅಡಾಪ್ಟರ್, ಸೀರಿಯಲೈಸರ್ ಅಂತ ಹತ್ತು ಕಡೆ ಓವರ್‌ರೈಡ್ ಮಾಡೋದಕ್ಕಿಂತ ಎಂಬರ್ ಡೇಟಾ 4.12ಕ್ಕೆ ಹೋಗಿ. ಅಲ್ಲಿಂದ ರಿಕ್ವೆಸ್ಟ್‌ಮ್ಯಾನೇಜರ್ ಅಂತ ಬಂದಿದೆ, ಹ್ಯಾಂಡ್ಲರ್ ಅನ್ನೋ ಚಿಕ್ಕ ತುಂಡುಗಳನ್ನ ಸಾಲಾಗಿ ಜೋಡಿಸ್ತೀವಿ, ಒಂದು ಟೋಕನ್ ಹಾಕುತ್ತೆ, ಒಂದು ಉತ್ತರ ಬಿಡಿಸುತ್ತೆ, ಕೊನೇದು ಫೆಚ್ ಮಾಡುತ್ತೆ. ನಾನು ಎರಡೂ ಬಳಸಿದೀನಿ, ಓದೋಕೆ ಇದೇ ಸಲೀಸು, ಯಾವ ಹುಕ್ ಯಾವಾಗ ಕರೀತಾರೆ ಅಂತ ತಲೆಯಲ್ಲಿ ಇಟ್ಕೋಬೇಕಿಲ್ಲ. ಎಂಬರ್ ಡೇಟಾ ತಂಡ ಕೂಡ ಆ ಕಡೆಗೇ ಹೋಗ್ತಿದೆ.


ಹಳೇಕೀಬೋರ್ಡ್

@ಗೆರೆಬರೆ ಒಪ್ತೀನಿ, ಹೊಸದಾಗಿ ಶುರು ಮಾಡೋರಿಗೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಇವರು 4.8ರಲ್ಲಿ ಇದಾರೆ, ಮೂರು ದಿನದಿಂದ ನಿಂತಿದಾರೆ, ಈಗಲೇ ವರ್ಷನ್ ಏರಿಸೋಕೆ ಹೋದ್ರೆ ತೊಂದರೆ ಎಪಿಐದೋ ಅಪ್‌ಗ್ರೇಡ್‌ದೋ ಅಂತ ಗೊತ್ತಾಗದ ಹಾಗೆ ಬೆರೆತುಹೋಗುತ್ತೆ. ಹ್ಯಾಂಡ್ಲರ್ ಬರೆದ್ರೂ 'ರಿಸಲ್ಟ್' ಬಿಡಿಸೋ ಕೋಡ್, 'ಸ್ಟೇಟಸ್' ನೋಡೋ ಕೋಡ್ ಬರೀಲೇಬೇಕಲ್ವಾ, ಅದನ್ನ ಬೇರೆ ಫಂಕ್ಷನ್ ಆಗಿ ಇಟ್ಕೊಂಡ್ರೆ ಮುಂದೆ ಹಾಗೇ ಎತ್ತಿ ಅಲ್ಲಿ ಇಡಬಹುದು.


ಪುಟತಿರುವು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪಟ್ಟಿ ಬಂತು! ಆಪ್ಷನ್ಸ್‌ಗೆ 401 ಬರ್ತಿದ್ದಿದ್ದೂ ನಿಜ, ಸ್ಕ್ರೀನ್‌ಶಾಟ್ ಕಳಿಸಿದೆ, ಮಿಡಲ್‌ವೇರ್ ಮೇಲೆ ಕೆಳಗೆ ಮಾಡಿದ್ರು, ಸರಿಹೋಯ್ತು. ರೂಟ್‌ನಲ್ಲಿದ್ದ ಫೆಚ್ ಎಲ್ಲಾ ಅಳಿಸಿದೀನಿ.

ಆದ್ರೆ ಈಗ ಎರಡು ವಿಚಿತ್ರ. ಒಂದು, ಕೆಲವು ಪುಸ್ತಕ ಒತ್ತಿದ್ರೆ ಸಿಗಲಿಲ್ಲ ಅಂತ ಬರುತ್ತೆ, ಯುಆರ್‌ಎಲ್ ನೋಡಿದ್ರೆ ಐಡಿಯ ಕೊನೇ ಅಂಕಿಗಳು ಸರ್ವರ್ ಕಳಿಸಿದ್ದಕ್ಕಿಂತ ಬೇರೆ ಇವೆ. ಹಳೇ ಪುಸ್ತಕಗಳ ಐಡಿ ಚಿಕ್ಕದು, ಅವು ಸರಿ ಇವೆ, ಹೊಸವು 18 ಅಂಕಿ ಉದ್ದ ಇವೆ, ಅವುಗಳದ್ದೇ ತೊಂದರೆ.

ಎರಡನೇದು ನನಗೆ ನಿಜವಾಗ್ಲೂ ಭಯ ಹುಟ್ಟಿಸಿದೆ. ಒಂದು ಪುಸ್ತಕದ ಹೆಸರಲ್ಲಿದ್ದ ಕಾಗುಣಿತ ತಿದ್ದಿ ಸೇವ್ ಮಾಡಿದೆ, ಆಮೇಲೆ ನೋಡಿದ್ರೆ ಅದರ ವಿವರಣೆ ಪೂರ್ತಿ ಖಾಲಿ. ಡೇಟಾಬೇಸ್‌ನಲ್ಲೇ ಖಾಲಿ. ಪುಣ್ಯಕ್ಕೆ ಟೆಸ್ಟ್ ಸರ್ವರ್. ನಾನು ಡಿಸ್ಕ್ರಿಪ್ಷನ್ ಮುಟ್ಟೇ ಇಲ್ಲ. ಎಲ್ಲಾ ಸಲವೂ ಆಗಲ್ಲ, ಪಟ್ಟಿಯಿಂದ ಬಂದು ಬೇಗ ಬೇಗ ಎಡಿಟ್ ಮಾಡಿದ್ರೆ ಮಾತ್ರ ಆಗುತ್ತೆ, ಪೇಜ್ ರಿಫ್ರೆಶ್ ಮಾಡಿ ಎಡಿಟ್ ಮಾಡಿದ್ರೆ ಆಗಲ್ಲ.


ಮೌನಮಳೆ

ಎರಡನೇದನ್ನ ಓದಿ ಸುಮ್ಮನಿರೋಕಾಗಲಿಲ್ಲ, ಇದೇ ಪೆಟ್ಟು ನಾನೂ ತಿಂದಿದೀನಿ, ಅದೂ ಲೈವ್ ಸರ್ವರ್‌ನಲ್ಲಿ.

ಒಂದು ಸಲ ನೆಟ್‌ವರ್ಕ್ ಟ್ಯಾಬ್ ತೆಗೆದು ಪಟ್ಟಿಯ ಉತ್ತರದಲ್ಲಿ 'ಡಿಸ್ಕ್ರಿಪ್ಷನ್' ಏನಿದೆ ನೋಡಿ. ನನ್ನ ಊಹೆ, ಕೀ ಇದೆ ಆದ್ರೆ ಬೆಲೆ ನಲ್ (ಏನೂ ಇಲ್ಲ ಅನ್ನೋ ಗುರುತು). ಪಟ್ಟಿಗೆ ಉದ್ದದ ವಿವರಣೆ ಬೇಡ ಅಂತ ಸರ್ವರ್‌ನವರು ಡೇಟಾಬೇಸ್‌ನಿಂದ ತರಲ್ಲ, ಆದ್ರೆ ಎರಡೂ ಕಡೆ ಒಂದೇ ಕ್ಲಾಸ್ ಬಳಸಿರೋದ್ರಿಂದ ಕೀ ಮಾತ್ರ ನಲ್ ಹೊತ್ಕೊಂಡು ಬರುತ್ತೆ. ಇಲ್ಲಿ ಎಂಬರ್ ಡೇಟಾ ಮಾಡೋ ಒಂದು ವ್ಯತ್ಯಾಸ ಗೊತ್ತಿರಬೇಕು. ಉತ್ತರದಲ್ಲಿ ಕೀಯೇ ಇಲ್ಲದಿದ್ರೆ 'ಇದರ ಬಗ್ಗೆ ಸರ್ವರ್ ಏನೂ ಹೇಳಿಲ್ಲ' ಅಂತ ಸ್ಟೋರ್‌ನಲ್ಲಿ ಹಳೇದನ್ನ ಹಾಗೇ ಬಿಡುತ್ತೆ. ಕೀ ಇದ್ದು ನಲ್ ಇದ್ರೆ 'ಇದು ಖಾಲಿ ಅಂತ ಸರ್ವರ್ ಹೇಳಿದೆ' ಅಂತ ನಂಬಿ ಹಳೇದರ ಮೇಲೆ ನಲ್ ಬರೆಯುತ್ತೆ.

ಇನ್ನು ನೀವು ಪಟ್ಟಿಯಿಂದ ಪುಸ್ತಕ ಒತ್ತಿದಾಗ ಫೈಂಡ್‌ರೆಕಾರ್ಡ್ ಏನು ಮಾಡುತ್ತೆ ಅಂದ್ರೆ, ಸ್ಟೋರ್‌ನಲ್ಲಿ ಆ ಐಡಿ ಈಗಾಗಲೇ ಇರೋದ್ರಿಂದ ಕಾಯದೇ ಅದನ್ನೇ ಕೊಟ್ಬಿಡುತ್ತೆ, ಹಿಂದುಗಡೆ ಸದ್ದಿಲ್ಲದೆ ಸರ್ವರ್‌ಗೆ ಹೋಗಿ ಹೊಸದನ್ನ ತರುತ್ತೆ. ಆ ತರೋ ಅಷ್ಟರಲ್ಲಿ ನೀವು ಹೆಸರು ತಿದ್ದಿ ಸೇವ್ ಒತ್ತಿದ್ರೆ, ರೆಸ್ಟ್‌ಅಡಾಪ್ಟರ್ ಅಪ್‌ಡೇಟ್‌ಗೆ ಪುಟ್ ಬಳಸೋದ್ರಿಂದ ಬದಲಾದ ಫೀಲ್ಡ್ ಮಾತ್ರ ಅಲ್ಲ, ಇಡೀ ರೆಕಾರ್ಡ್ ಹೋಗುತ್ತೆ, ನಲ್ ವಿವರಣೆ ಸಮೇತ. ಸರ್ವರ್ ಪಾಪ ಹೇಳಿದ ಹಾಗೆ ಕೇಳುತ್ತೆ. ರಿಫ್ರೆಶ್ ಮಾಡಿದಾಗ ಸ್ಟೋರ್ ಖಾಲಿ ಇರೋದ್ರಿಂದ ಫೈಂಡ್‌ರೆಕಾರ್ಡ್ ಪೂರ್ತಿ ಬರೋವರೆಗೂ ಕಾಯುತ್ತೆ, ಅದಕ್ಕೇ ಆಗ ತೊಂದರೆ ಕಾಣಲ್ಲ. ನಮ್ಮಲ್ಲಿ ಇದು ಎಷ್ಟೋ ವಾರ ಯಾರ ಕಣ್ಣಿಗೂ ಬೀಳದೆ ನಡೀತು, ನೆಟ್ ನಿಧಾನ ಇದ್ದವರ ಕೈಯಲ್ಲೇ ಹೆಚ್ಚು ಆಗ್ತಿತ್ತು, ನಮ್ಮ ಮೆಷಿನ್‌ಗಳಲ್ಲಿ ಉತ್ತರ ತಕ್ಷಣ ಬರ್ತಿದ್ದರಿಂದ ನಮಗೆ ಮತ್ತೆ ಮಾಡಿ ತೋರ್ಸೋಕೇ ಆಗಲಿಲ್ಲ. ಕೊನೆಗೆ ಬ್ರೌಸರ್‌ನಲ್ಲಿ ನೆಟ್‌ವರ್ಕ್ ಥ್ರಾಟ್ಲಿಂಗ್ (ಬೇಕಂತಲೇ ನೆಟ್ ನಿಧಾನ ಮಾಡೋದು) ಹಾಕಿದಾಗ ಸಿಕ್ತು.

ಮಾಡಬೇಕಾದ್ದು ಎರಡು ಕಡೆ, ಎರಡೂ ಮಾಡಿ. ಪುಸ್ತಕದ ಸೀರಿಯಲೈಸರ್‌ನಲ್ಲಿ ನಾರ್ಮಲೈಸ್‌ಅರೇರೆಸ್ಪಾನ್ಸ್ ಓವರ್‌ರೈಡ್ ಮಾಡಿ ಪಟ್ಟಿಯಿಂದ ಬಂದ ಒಂದೊಂದು ಐಟಮ್‌ನಿಂದ 'ಡಿಸ್ಕ್ರಿಪ್ಷನ್' ಕೀಯನ್ನೇ ಡಿಲೀಟ್ ಮಾಡಿ ಆಮೇಲೆ ಸೂಪರ್ ಕರೀರಿ. ಹಾಗಾದ್ರೆ ಮುಂಚೆ ಪೂರ್ತಿ ಬಂದಿದ್ದ ಪುಸ್ತಕದ ವಿವರಣೆ ಪಟ್ಟಿ ಮತ್ತೆ ಲೋಡ್ ಆದಾಗ ಅಳಿಸಲ್ಲ. ಆಮೇಲೆ ಎಡಿಟ್ ರೂಟ್‌ನಲ್ಲಿ ಫೈಂಡ್‌ರೆಕಾರ್ಡ್‌ಗೆ 'ರೀಲೋಡ್ ಟ್ರೂ' ಕೊಡಿ, ಪೂರ್ತಿ ರೆಕಾರ್ಡ್ ಬರೋವರೆಗೆ ಫಾರ್ಮ್ ತೆರೆಯೋದೇ ಬೇಡ. ಮೊದಲನೇದು ಮಾತ್ರ ಮಾಡಿದ್ರೆ ಸಾಲಲ್ಲ ಯಾಕಂದ್ರೆ ಪೂರ್ತಿ ಎಂದೂ ಬಾರದ ಪುಸ್ತಕದಲ್ಲಿ ವಿವರಣೆ ಇನ್ನೂ ಇಲ್ಲವೇ ಇಲ್ಲ, ಫಾರ್ಮ್‌ನಲ್ಲಿ ಆ ಬಾಕ್ಸ್ ಖಾಲಿ ಕಾಣುತ್ತೆ, ಬಳಕೆದಾರರು ಖಾಲಿ ಅಂತಾನೇ ನಂಬ್ತಾರೆ.

ಐಡಿ ವಿಚಾರ: ಜಾವಾಸ್ಕ್ರಿಪ್ಟ್ ನಂಬರ್ ಸರಿಯಾಗಿ ಹಿಡಿಯೋ ದೊಡ್ಡ ಪೂರ್ಣಾಂಕ 9007199254740991, ಅಂದ್ರೆ 16 ಅಂಕಿ. ಅದಕ್ಕಿಂತ ದೊಡ್ಡದು ಜೇಸನ್‌ನಲ್ಲಿ ನಂಬರ್ ಆಗಿ ಬಂದ್ರೆ ಪಾರ್ಸ್ ಆಗುವಾಗಲೇ ಹತ್ತಿರದ ಇನ್ನೊಂದು ಸಂಖ್ಯೆ ಆಗಿಬಿಡಬಹುದು. ಸೀರಿಯಲೈಸರ್ ಕೈಗೆ ಸಿಗೋ ಹೊತ್ತಿಗೆ ಅಸಲಿ ಅಂಕಿ ಹೋಗಿರುತ್ತೆ, ಅಲ್ಲಿ ಏನು ಮಾಡಿದ್ರೂ ವಾಪಸ್ ಬರಲ್ಲ. ಸರ್ವರ್‌ನವರು ಐಡಿನ ಸ್ಟ್ರಿಂಗ್ ಆಗಿ ಕಳಿಸಬೇಕು. ಮೊಬೈಲ್ ಆ್ಯಪ್ ಕೆಡಬಾರದು ಅಂದ್ರೆ ಇರೋ 'ಬುಕ್‌ಐಡಿ' ಹಾಗೇ ಬಿಟ್ಟು ಪಕ್ಕದಲ್ಲಿ 'ಬುಕ್‌ಐಡಿಸ್ಟ್ರಿಂಗ್' ಅಂತ ಹೊಸ ಕೀ ಸೇರ್ಸೋಕೆ ಕೇಳಿ, ನೀವು ಪ್ರೈಮರಿಕೀ ಅದಕ್ಕೆ ತಿರುಗಿಸಿದ್ರಾಯ್ತು. 'ಆಥರ್‌ಐಡಿ'ನೂ ಅಷ್ಟೇ ಉದ್ದ ಇದ್ರೆ ಅದಕ್ಕೂ ಇದೇ ಬೇಕಾಗುತ್ತೆ. ಎಂಬರ್ ಡೇಟಾ ಒಳಗೆ ಐಡಿ ಹೇಗಿದ್ರೂ ಸ್ಟ್ರಿಂಗ್ ಆಗೇ ಇರುತ್ತೆ, ಬೇರೆ ಏನೂ ಬದಲಾಯಿಸಬೇಕಿಲ್ಲ.


ಸಾಲುದೀಪ

ನಿಮ್ಮ 'ಆ್ಯಡೆಡ್‌ಆನ್' ಕೂಡ ಒಂದ್ಸಲ ನೋಡ್ಕೊಳ್ಳಿ. ದಿನಾಂಕ ಮತ್ತೆ ಸಮಯ ಎರಡೂ ಇದ್ದು ಕೊನೆಗೆ 'ಝಡ್' (ಯುಟಿಸಿ ಅಂದ್ರೆ ಜಾಗತಿಕ ಸಮಯ ಅನ್ನೋ ಗುರುತು) ಆಗಲಿ, ಯುಟಿಸಿಯಿಂದ ಎಷ್ಟು ಆಚೀಚೆ ಅನ್ನೋ ಆಫ್‌ಸೆಟ್ ಆಗಲಿ ಇಲ್ಲದಿದ್ರೆ ಬ್ರೌಸರ್ ಅದನ್ನ ನೋಡುಗರ ಲೋಕಲ್ ಸಮಯ ಅಂತ ಓದುತ್ತೆ. ಸಮಯ ಇಲ್ಲದೆ ಬರೀ ದಿನಾಂಕ ಇದ್ರೆ ಯುಟಿಸಿ ಅಂತ ಓದುತ್ತೆ. ಸರ್ವರ್ ಯುಟಿಸಿ ಇಟ್ಕೊಂಡು 'ಝಡ್' ಹಾಕದೆ ಕಳಿಸ್ತಿದ್ರೆ ಎಲ್ಲಾ ಸಮಯ ಗಂಟೆಗಟ್ಟಲೆ ಆಚೀಚೆ. ಒಂದು ಕಸ್ಟಮ್ ಟ್ರಾನ್ಸ್‌ಫಾರ್ಮ್ (ಒಂದು ಫೀಲ್ಡ್‌ನ ಬೆಲೆ ಬದಲಾಯಿಸೋ ಕೋಡ್) ಬರೆದು ಅದರ ಡೀಸೀರಿಯಲೈಸ್‌ನಲ್ಲಿ 'ಝಡ್' ಸೇರ್ಸಿದ್ರೆ ಸಾಕು.


ಪುಟತಿರುವು

@ಮೌನಮಳೆ ನೀವು ಹೇಳಿದ್ದು ಅಕ್ಷರಶಃ ಹಾಗೇ ಇತ್ತು, ಪಟ್ಟಿಯಲ್ಲಿ 'ಡಿಸ್ಕ್ರಿಪ್ಷನ್' ನಲ್. ಎರಡೂ ಕಡೆ ಸರಿ ಮಾಡಿ, ಥ್ರಾಟ್ಲಿಂಗ್ ಹಾಕ್ಕೊಂಡು ಇಪ್ಪತ್ತು ಸಲ ಎಡಿಟ್ ಮಾಡಿ ನೋಡ್ದೆ, ಒಂದ್ಸಲವೂ ಅಳಿಸಲಿಲ್ಲ. ಐಡಿ ಸ್ಟ್ರಿಂಗ್ ಕೀ ಸೇರ್ಸೋಕೆ ಒಪ್ಪಿದಾರೆ, 'ಆಥರ್‌ಐಡಿ'ಗೂ ಸೇರಿಸಿಯೇ ಕೇಳಿದೀನಿ. 'ಝಡ್' ಕೂಡ ಇರಲಿಲ್ಲ, ಟ್ರಾನ್ಸ್‌ಫಾರ್ಮ್ ಬರೆದೆ.

ಕೊನೇದಾಗಿ ಒಂದು. ಪಟ್ಟಿ ಪೇಜ್‌ನಲ್ಲಿ ಲೇಖಕರ ಹೆಸರು ತೋರ್ಸಿದ ಕೂಡ್ಲೇ ಒಬ್ಬೊಬ್ಬ ಲೇಖಕರಿಗೆ ಒಂದೊಂದು ರಿಕ್ವೆಸ್ಟ್ ಹೋಗ್ತಿದೆ, 50 ಸಾಲಿಗೆ ನಲವತ್ತು ಚಿಲ್ಲರೆ. ಇದಕ್ಕೇನಾದ್ರೂ ದಾರಿ?


ಹಳೇಕೀಬೋರ್ಡ್

ಅಡಾಪ್ಟರ್‌ನಲ್ಲಿ ಕೋಲೆಸ್‌ಫೈಂಡ್‌ರಿಕ್ವೆಸ್ಟ್ಸ್ ಅನ್ನ ಟ್ರೂ ಮಾಡಿದ್ರೆ ಆ ನಲವತ್ತನ್ನೂ ಕೂಡಿಸಿ ಐಡಿಗಳ ಪಟ್ಟಿ ಸಮೇತ ಒಂದೇ ರಿಕ್ವೆಸ್ಟ್ ಮಾಡುತ್ತೆ, ಆದ್ರೆ ಹಲವು ಐಡಿ ಒಟ್ಟಿಗೆ ತಗೊಳ್ಳೋ ಎಂಡ್‌ಪಾಯಿಂಟ್ ಸರ್ವರ್‌ನಲ್ಲಿ ಇರಬೇಕು. ಇಲ್ಲ ಅಂದ್ರೆ ಲೇಖಕರು ಒಟ್ಟು ಎಷ್ಟು ಜನ ಇದಾರೆ ನೋಡಿ, ಕೆಲವು ನೂರು ಅಂದ್ರೆ ಪಟ್ಟಿ ರೂಟ್‌ನಲ್ಲಿ ಮೊದಲು ಲೇಖಕರಿಗೆ ಫೈಂಡ್‌ಆಲ್ ಮಾಡಿ ಅವೇಟ್ ಮಾಡಿ, ಆಮೇಲೆ ಪುಸ್ತಕ ತನ್ನಿ. ಸ್ಟೋರ್‌ನಲ್ಲಿ ಲೇಖಕರು ಮೊದಲೇ ಇದ್ರೆ ಬಿಲಾಂಗ್ಸ್‌ಟು (ಪುಸ್ತಕದ ಮಾಡೆಲ್‌ನಲ್ಲಿ ಲೇಖಕರಿಗೆ ಇರೋ ಕೊಂಡಿ) ಅಲ್ಲಿಂದಲೇ ಎತ್ಕೊಳ್ಳುತ್ತೆ.

ಮತ್ತೆ ಇನ್ನೊಂದು ಮಾಡಿಡಿ: ಸರ್ವರ್ ನಿಜವಾಗಿ ಕಳಿಸಿದ ಪಟ್ಟಿ ಉತ್ತರ ಒಂದು, ಒಂಟಿ ಪುಸ್ತಕದ್ದು ಒಂದು, ಎರರ್‌ದು ಒಂದು, ಇವನ್ನ ನೆಟ್‌ವರ್ಕ್ ಟ್ಯಾಬ್‌ನಿಂದ ಹಾಗೇ ಕಾಪಿ ಮಾಡಿ ಟೆಸ್ಟ್ ಫೋಲ್ಡರ್‌ನಲ್ಲಿ ಫೈಲ್ ಮಾಡಿ. ಸೀರಿಯಲೈಸರ್ ಟೆಸ್ಟ್ ಅವುಗಳ ಮೇಲೇ ಬರೀರಿ. ಡಾಕ್ಯುಮೆಂಟೇಷನ್ ನೋಡಿ ಕೈಯಲ್ಲಿ ಬರೆದ ಮಾದರಿ ಉತ್ತರದಲ್ಲಿ ಆ ನಲ್ ಇರ್ತಿರಲಿಲ್ಲ.


ಪುಟತಿರುವು

ಲೇಖಕರು 300ರ ಒಳಗೇ ಇದಾರೆ, ಮೊದಲೇ ತಂದಿಟ್ಕೊಂಡೆ, ಎರಡೇ ರಿಕ್ವೆಸ್ಟ್‌ಗೆ ಇಳೀತು. ಮೂರು ಫೈಲ್‌ಗಳನ್ನೂ ಟೆಸ್ಟ್ ಫೋಲ್ಡರ್‌ಗೆ ಸೇರಿಸಿದೀನಿ, ಐಡಿ ಸ್ಟ್ರಿಂಗ್ ಬಂದ ದಿನ ಹೊಸ ಉತ್ತರ ಕಾಪಿ ಮಾಡಿ ಅವನ್ನ ಬದಲಾಯಿಸ್ತೀನಿ.